ಅಪ್ಪ ಕಡಲೆಕಾಯಿ ಬೇಡ ಅಂದಾಗ

ನಮ್ಮ ಮನೆ ಬಸವನಗುಡಿಯಲ್ಲಿ, ಬುಲ್ ಟೆಂಪಲ್ ರಸ್ತೆಯಿಂದ ಎರಡು ತಿರುವು ಒಳಗೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತು ಅಂದ್ರೆ ಅಪ್ಪ ದೊಡ್ಡ ಗಣಪತಿಗೆ ಕೈಮುಗಿದು, ಪರಿಷೆಯಿಂದ ಎರಡು ಸೇರು ಕಡಲೆಕಾಯಿ ತರೋದು ನಾನು ಹುಟ್ಟಿದಾಗಿನಿಂದ ನೋಡಿದ್ದು. ಹೋದ ಸಲ ನಾನೇ ತಗೊಂಡು ಬಂದೆ. ಹುರಿದದ್ದನ್ನ ಮುಂದಿಟ್ಟರೆ, "ನೀನು ತಿನ್ನಮ್ಮ, ನಂಗೆ ಈಗ ಅದೆಲ್ಲ ಸೇರಲ್ಲ" ಅಂದರು. ವಯಸ್ಸಾಯ್ತಲ್ಲ ಅಂದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ.

ಈಗ ಯೋಚಿಸಿದರೆ ಸುಳಿವು ಬೇಕಾದಷ್ಟಿತ್ತು. ಚಕ್ಕುಲಿಯನ್ನ ಕಾಫಿಯಲ್ಲಿ ಅದ್ದಿ ತಿನ್ನೋರು. ಎಡಗಡೆ ಮಾತ್ರ ಅಗಿಯೋರು. ಶರ್ಟಿನ ಜೇಬಲ್ಲಿ ಯಾವಾಗ್ಲೂ ಲವಂಗ.

ಜನವರಿಯಲ್ಲಿ ಅವರಿಗೆ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಸಕ್ಕರೆ, ಕೊಲೆಸ್ಟರಾಲ್ ಪರವಾಗಿಲ್ಲ. ಒಂದೇ ಸಾಲು ಕೆಂಪಗಿತ್ತು: ಹೈ ಸೆನ್ಸಿಟಿವಿಟಿ ಸಿಆರ್‌ಪಿ, ಲೀಟರಿಗೆ 11.4 ಮಿಲಿಗ್ರಾಂ. ರಾತ್ರಿ ಗೂಗಲ್ ಮಾಡಿದೆ. 1ಕ್ಕಿಂತ ಕಡಿಮೆ ಇದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಅಂತಿತ್ತು. ಅಮ್ಮ ಹೋಗಿದ್ದು ಹಾರ್ಟ್ ಅಟ್ಯಾಕಿನಲ್ಲಿ. ನಿದ್ದೆ ಬರಲಿಲ್ಲ.

ಮಾರನೇ ದಿನ ನಮ್ಮ ಹಳೇ ಡಾಕ್ಟರ ಹತ್ತಿರ ಓಡಿದೆವು. "ಗಾಬರಿ ಬೇಡ. 10 ದಾಟಿದ್ರೆ ಮೊದಲು ಮೈಯಲ್ಲಿ ಎಲ್ಲಾದ್ರೂ ಸೋಂಕಿದೆಯಾ ಅಂತ ಹುಡುಕಬೇಕು" ಅಂದರು. ಎಲ್ಲೇ ಸೋಂಕು, ಉರಿಯೂತ ಆಗಲಿ, ಅಲ್ಲಿಂದ ಸುದ್ದಿ ಹೋದ ಕೂಡಲೇ ಯಕೃತ್ತು ಈ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದಂತೆ. ಬೆಂಕಿ ಬಿದ್ದಿದೆ ಅಂತ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ. ಎದೆ, ಹೊಟ್ಟೆ, ಕಾಲು ನೋಡಿದರು. ಮೂತ್ರ ಪರೀಕ್ಷೆಯಲ್ಲೂ ಏನಿಲ್ಲ. ಕೊನೆಗೆ ಟಾರ್ಚ್ ಹಿಡಿದು, "ಎಲ್ಲಿ ರಾಯರೇ, ಬಾಯಿ ತೆಗೀರಿ" ಅಂದರು.

ಬಲಗಡೆ ಕೆಳ ದವಡೆ ಹಲ್ಲು ಮುರಿದು ಬೇರಷ್ಟೇ ಉಳಿದಿತ್ತು. ಸುತ್ತ ಕೀವು. ಪಕ್ಕದ ಹಲ್ಲಿನ ಬುಡ ಕಪ್ಪಾಗಿತ್ತು.

"ನೋವಿರಲಿಲ್ವಾ ಅಪ್ಪ?"

"ಎರಡು ವರ್ಷದ ಹಿಂದೆ ಇತ್ತು. ಆಮೇಲೆ ತಾನೇ ಹೋಯ್ತು."

ನೋವು ಹೋಗಿದ್ದು ಗುಣವಾಗಿ ಅಲ್ಲ, ಹಲ್ಲಿನೊಳಗಿನ ನರ ಸತ್ತಿದ್ದಕ್ಕೆ ಅಂತ ಆಮೇಲೆ ಹಲ್ಲಿನ ಡಾಕ್ಟರು ಹೇಳಿದರು. ವಯಸ್ಸಾದಂತೆ ವಸಡು ಕೆಳಗಿಳಿದು ಬೇರು ಹೊರಗೆ ಕಾಣುತ್ತೆ. ಬೇರಿಗೆ ಎನಾಮಲ್ ರಕ್ಷಣೆ ಇಲ್ಲ, ಬೇಗ ಹುಳುಕಾಗುತ್ತೆ. ಕೆಲವು ಬಿಪಿ ಮಾತ್ರೆಗಳಿಂದ ಬಾಯಿ ಒಣಗಿದರೆ ಇನ್ನೂ ಬೇಗ.

"ಮೊದಲೇ ಯಾಕೆ ಹೇಳಲಿಲ್ಲ?" ಆಟೋದಲ್ಲಿ ರೇಗಿದೆ.

"ನೀನು ಮನೆ ಸಾಲ ಕಟ್ತಾ ಇದೀಯ. ಬಿದ್ದುಹೋಗೋ ಹಲ್ಲಿಗೆ ಯಾಕಮ್ಮ ದುಡ್ಡು?"

ಉತ್ತರ ಹೊಳೀಲಿಲ್ಲ. ಒಂದೇ ಮನೆಯಲ್ಲಿದ್ದೂ ಅವರ ಜೊತೆ ಕೂತು ಊಟ ಮಾಡಿ ಎಷ್ಟು ದಿನ ಆಗಿತ್ತೋ.

ಬೇರು ಕಿತ್ತರು, ಇನ್ನೊಂದಕ್ಕೆ ರೂಟ್ ಕೆನಾಲ್, ವಸಡು ಕ್ಲೀನಿಂಗ್. ನನ್ನ ಇನ್ಶೂರೆನ್ಸಿನಲ್ಲಿ ಹಲ್ಲು ಸೇರಿರಲಿಲ್ಲ. ಮೂರು ತಿಂಗಳಾದ ಮೇಲೆ ಸಿಆರ್‌ಪಿ 2.6ಕ್ಕೆ ಇಳಿದಿತ್ತು. "ಪೂರ್ತಿ ಹಲ್ಲಿಂದಲೇ ಅಂತ ಹೇಳಕ್ಕಾಗಲ್ಲ, ಆದ್ರೆ ಬಾಯಿ ಸರಿ ಇದ್ರೆ ಮೈಗೆ ಒಂದು ಭಾರ ಕಮ್ಮಿ" ಅಂದರು ಡಾಕ್ಟರು. ವಸಡಿನ ಕಾಯಿಲೆ ಇರೋರಲ್ಲಿ ಸಿಆರ್‌ಪಿ ಹೆಚ್ಚಿರೋದು, ಚಿಕಿತ್ಸೆ ಆದಮೇಲೆ ಸ್ವಲ್ಪ ಇಳಿಯೋದು ಬಹಳ ಅಧ್ಯಯನಗಳಲ್ಲಿ ಕಂಡಿದೆಯಂತೆ.

ಖರ್ಚಿನ ಚಿಂತೆ ಇದ್ದರೆ ಕೋಟೆ ಹತ್ತಿರ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಕಟ್ಟಿಸಿದ ಹಲ್ಲು ಕೊಡೋಕೆ ಅಂತಲೇ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು, ಅಲ್ಲೇ ವಿಚಾರಿಸಬಹುದು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ. ನಮ್ಮ ಮನೆಯಲ್ಲಿ ಕಡಲೆನೂ ಇತ್ತು, ಹಲ್ಲೂ ಇತ್ತು, ನೋಡೋಕೆ ನನಗೆ ಪುರುಸೊತ್ತಿರಲಿಲ್ಲ. ಇವತ್ತು ರಾತ್ರಿ ಊಟಕ್ಕೆ ಅಪ್ಪ ಅಮ್ಮನ ಎದುರಿಗೆ ಕೂತ್ಕೊಳ್ಳಿ. ಯಾವ ಕಡೆ ಅಗೀತಾರೆ ನೋಡಿ.