ಇಲಿಯ ನಾಲಗೆ

ನಾಲಗೆಯನ್ನು ಕುರಿತ ನಮ್ಮ ಗಾದೆಗಳಲ್ಲಿ ಹೆಚ್ಚಿನವು ಮಾತಿಗೆ ಸಂಬಂಧಿಸಿದವು. ಎಲುಬಿಲ್ಲದ ನಾಲಗೆ ಹೇಗೆ ಬೇಕಾದರೂ ಹೊರಳುತ್ತದೆಂಬ ದೂರು ಎಲ್ಲರ ಬಾಯಲ್ಲೂ ಇದೆ. ಅದೇ ನಾಲಗೆ ಉಪ್ಪು ಹುಳಿಗಳನ್ನು ಅರಿಯುವ ಇಂದ್ರಿಯವೂ ಹೌದೆಂಬುದು ನೆನಪಾಗುವುದು ಜ್ವರ ಬಂದು ಗಂಜಿ ಸಪ್ಪೆಯೆನಿಸಿದಾಗ ಮಾತ್ರ. ಆ ಇಂದ್ರಿಯವು ತಾಯಿಯ ಗರ್ಭದಲ್ಲಿ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಈಚಿನ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಇಲಿಯ ನಾಲಗೆಯಿಂದ ಕಲಿತಿದ್ದಾರೆ. ಗಣಪತಿಯ ವಾಹನವೇ ಗುರುಪೀಠವನ್ನೇರಿದೆಯೆನ್ನಬಹುದು.

ನಾನು ಈ ವಿಷಯವನ್ನು ಅರಸಿಕೊಂಡು ಹೋದುದಕ್ಕೂ ಒಂದು ಗಾದೆಯೇ ಕಾರಣ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಮಾತನ್ನು ಉಪಾಧ್ಯಾಯರ ಕೊಠಡಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಲೆಕ್ಕ ಬಾರದ ಹುಡುಗನ ಮಾತು ಎದ್ದಾಗ ಈ ಗಾದೆಯೂ ಏಳುತ್ತದೆ. ‘ಅವನಪ್ಪನಿಗೂ ಬರುತ್ತಿರಲಿಲ್ಲ’ ಎಂಬ ಸಾಕ್ಷ್ಯ ಅದರ ಬೆನ್ನಿಗೇ ಬರುತ್ತದೆ. ಈಚೆಗೆ ಗಾದೆಯ ಬದಲು ‘ಜೀನ್‌ನಲ್ಲಿಯೇ ಇಲ್ಲ’ ಎನ್ನುವುದು ರೂಢಿಯಾಗಿದೆ. ಗಾದೆಗೆ ವಿಜ್ಞಾನದ ಅಂಗಿ ತೊಡಿಸಿದಂತಾಯಿತು. ಹಾಗಾದರೆ ಈ ಜೀನ್, ಅಂದರೆ ವಂಶವಾಹಿ, ನಿಜವಾಗಿ ಮಾಡುವುದೇನು? ಒಂದೇ ಒಂದು ಸಣ್ಣ ಅಂಗವನ್ನಾದರೂ ಹಿಡಿದು, ಅದು ಮೊಳೆಯುವಲ್ಲಿಂದ ನೋಡಿಬಿಡೋಣವೆಂದುಕೊಂಡೆ.

ಇಲಿಯ ನಾಲಗೆಯ ಮುಂಭಾಗದಲ್ಲಿ ನಾಯಿಕೊಡೆಯ ಆಕಾರದ ಸುಮಾರು ೧೦೦ ಪುಟ್ಟ ಉಬ್ಬುಗಳಿವೆ. ಅವನ್ನು ಅಂಕುರಗಳೆನ್ನೋಣ. ಒಂದೊಂದು ಅಂಕುರದ ನೆತ್ತಿಯಲ್ಲಿ ಸಾಮಾನ್ಯವಾಗಿ ಒಂದೇ ರುಚಿಮೊಗ್ಗು ಇರುತ್ತದೆ. ನಾಲಗೆಯ ಹಿಂಭಾಗದ ನಟ್ಟನಡುವೆ, ಸುತ್ತಲೂ ಕಂದಕ ತೋಡಿದಂತಿರುವ ಒಂದೇ ಒಂದು ದೊಡ್ಡ ಅಂಕುರವಿದೆ. ಅದರ ಗೋಡೆಗಳಲ್ಲಿ ಮೊಗ್ಗುಗಳು ನೂರಕ್ಕೂ ಮಿಕ್ಕಿವೆ. ಮನುಷ್ಯರಲ್ಲಿ ಇಂತಹ ದೊಡ್ಡ ಅಂಕುರಗಳು ೮ರಿಂದ ೧೨. ಒಂದು ಮೊಗ್ಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ೫೦ರಿಂದ ೧೦೦ ಜೀವಕೋಶಗಳು ಬೆಳ್ಳುಳ್ಳಿಯ ಎಸಳುಗಳಂತೆ ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ.

ನಮ್ಮ ನಾಲಗೆಯ ಮುಂಭಾಗದ ಅಂಕುರಗಳನ್ನು ನೋಡಲು ಸೂಕ್ಷ್ಮದರ್ಶಕವೂ ಬೇಡ. ಮಿಠಾಯಿಗೆ ಹಾಕುವ ನೀಲಿ ಬಣ್ಣವನ್ನು ಒಂದು ತೊಟ್ಟು ಹಚ್ಚಿದರೆ ಸಾಕು. ನಾಲಗೆಯೆಲ್ಲ ನೀಲಿಯಾಗಿ, ಇವು ಮಾತ್ರ ನಸುಗೆಂಪು ಚುಕ್ಕೆಗಳಾಗಿ ಉಳಿಯುತ್ತವೆ. ಐದನೆಯ ತರಗತಿಯಲ್ಲಿ ಹೀಗೆ ಮಾಡಿಸಿದ ದಿನ ಅರ್ಧ ಗಂಟೆ ಬೇರೆ ಪಾಠವೇ ನಡೆಯಲಿಲ್ಲ. ಮಕ್ಕಳೆಲ್ಲ ಒಬ್ಬರಿಗೊಬ್ಬರು ನಾಲಗೆ ಚಾಚಿ ಎಣಿಸುವುದರಲ್ಲಿಯೇ ಮಗ್ನರಾಗಿದ್ದರು. ಆಗ ಒಬ್ಬ ಹುಡುಗಿ ಕೇಳಿದಳು: ‘ಮಾಷ್ಟ್ರೇ, ಇವು ಒಂದಕ್ಕೊಂದು ಅಂಟಿಕೊಳ್ಳದೆ ಇಷ್ಟು ದೂರ ದೂರ ಕೂತದ್ದು ಹೇಗೆ?’ ಜೀವವಿಜ್ಞಾನಿಗಳು ಇಲಿಯ ಮುಂದೆ ಇಟ್ಟ ಪ್ರಶ್ನೆಯೂ ಇದೇ.

ಇಲಿಯ ಗರ್ಭಾವಧಿ ೧೯–೨೦ ದಿನ. ಹನ್ನೊಂದನೆಯ ದಿನದ ಸುಮಾರಿಗೆ ನಾಲಗೆಯ ಮೊಳಕೆ ಕಾಣಿಸಿಕೊಳ್ಳುತ್ತದೆ. ಆಗ ಅದರ ಮೇಲ್ಪದರ ಎಲ್ಲೆಡೆಯೂ ಒಂದೇ ತೆರನಾಗಿರುತ್ತದೆ. ಹನ್ನೆರಡು, ಹದಿಮೂರನೆಯ ದಿನಕ್ಕೆ ಅಲ್ಲಲ್ಲಿ ಮೇಲ್ಪದರವು ದಪ್ಪವಾಗಿ, ರಂಗೋಲಿಗೆ ಇಟ್ಟ ಚುಕ್ಕೆಗಳಂತೆ ಸಾಲುಗೊಳ್ಳುತ್ತದೆ. ಚುಕ್ಕೆ ಇಟ್ಟವರು ಯಾರು? ವಿಂಟ್ ಎಂಬ ವಂಶವಾಹಿಗಳ ಗುಂಪೊಂದಿದೆ. ‘ಇಲ್ಲಿ ಅಂಕುರವಾಗಲಿ’ ಎಂಬ ಅಪ್ಪಣೆ ಹೊರಡುವುದು ಅವುಗಳಿಂದ. ಆ ಅಪ್ಪಣೆಯನ್ನು ತಡೆದರೆ ಅಂಕುರಗಳೇ ಏಳುವುದಿಲ್ಲ. ಅಳತೆ ಮೀರಿ ಹೆಚ್ಚಿಸಿದರೆ ಸಂತೆಯ ಜನದಂತೆ ಕಿಕ್ಕಿರಿಯುತ್ತವೆ. ಇಲಿಯಲ್ಲಿ ಇದು ೨೦೦೭ರಲ್ಲಿ ಸ್ಪಷ್ಟವಾಯಿತು.

ಇನ್ನು ಅಪ್ಪಣೆಗೆ ಕಡಿವಾಣ ಹಾಕುವ ವಂಶವಾಹಿ. ಅದರ ಹೆಸರು ಸಾನಿಕ್ ಹೆಡ್ಜ್‌ಹಾಗ್. ಹಣ್ಣಿನ ನೊಣದಲ್ಲಿ ಇದರ ಮೂಲರೂಪವು ಕೆಟ್ಟಾಗ ಮರಿಹುಳುವಿನ ಮೈ ಹೆಡ್ಜ್‌ಹಾಗ್ ಎಂಬ ಪುಟ್ಟ ಪ್ರಾಣಿಯ ಮೈಯಂತೆ ಮುಳ್ಳುಮುಳ್ಳಾಗುತ್ತಿತ್ತು. ಕ್ರಿಸ್ಟಿಯಾನೆ ನುಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಅದನ್ನು ೧೯೮೦ರಲ್ಲಿ ವರ್ಣಿಸಿದರು. ೧೯೯೫ರಲ್ಲಿ ಎಡ್ವರ್ಡ್ ಲೂಯಿಸರೊಡನೆ ನೊಬೆಲ್ ಪಾರಿತೋಷಕವನ್ನೂ ಪಡೆದರು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಅದರ ಬಂಧುವು ದೊರೆತಾಗ ‘ಸಾನಿಕ್’ ಎಂಬ ಮಾತನ್ನು ಸೇರಿಸಿದ್ದು ಮಕ್ಕಳ ವಿಡಿಯೊ ಆಟದ ಒಂದು ಪಾತ್ರದಿಂದ. ಶಾಸ್ತ್ರಜ್ಞರ ನಾಮಕರಣಕ್ಕಿಂತ ನಮ್ಮ ಪಂಚಾಂಗದ ನಾಮಕರಣವೇ ವಾಸಿಯೆಂದು ಒಮ್ಮೊಮ್ಮೆ ತೋರುತ್ತದೆ.

ಹೆಸರು ಹೇಗೇ ಇರಲಿ, ಕೆಲಸ ಮಾತ್ರ ಅಚ್ಚುಕಟ್ಟು. ಅಂಕುರವಾಗಲು ಆಯ್ಕೆಯಾದ ಚುಕ್ಕೆಯೇ ಇದನ್ನು ತಯಾರಿಸಿ ಸುತ್ತಲೂ ಹರಡುತ್ತದೆ. ಅದು ನೆರೆಯ ಕೋಶಗಳಲ್ಲಿ ವಿಂಟ್‌ನ ಅಪ್ಪಣೆಯನ್ನು ತಗ್ಗಿಸುತ್ತದೆ. ಭ್ರೂಣದ ನಾಲಗೆಯನ್ನು ಪಾತ್ರೆಯಲ್ಲಿ ಬೆಳೆಸಿ ಈ ಹೆಡ್ಜ್‌ಹಾಗ್ ಸಂಕೇತವನ್ನು ಮದ್ದಿನಿಂದ ತಡೆದಾಗ ಅಂಕುರಗಳ ಸಂಖ್ಯೆ ಹೆಚ್ಚಿತು, ಗಾತ್ರವೂ ಹೆಚ್ಚಿತು. ಕವಾಯತಿನಲ್ಲಿ ಮಕ್ಕಳನ್ನು ನಿಲ್ಲಿಸುವಾಗ ನಾವು ಅಳತೆಯ ಹಗ್ಗ ಹಿಡಿಯುವುದಿಲ್ಲ. ಪ್ರತಿಯೊಬ್ಬನೂ ಕೈ ಚಾಚಿದರೆ ಅಂತರ ತಾನಾಗಿ ಏರ್ಪಡುತ್ತದೆ. ನಾಲಗೆಯಲ್ಲಿ ನಡೆಯುವುದು ಇದೇ. ಪ್ರತಿಯೊಂದು ಚುಕ್ಕೆಗೂ ಬೇರೆ ಬೇರೆಯಾಗಿ ಸ್ಥಳ ಬರೆದುಕೊಟ್ಟ ವಂಶವಾಹಿಯಿಲ್ಲ.

ಹಿಂಭಾಗದ ಒಂಟಿ ಅಂಕುರದ ಕಥೆ ಬೇರೆ. ಅದಕ್ಕೆ ಎಫ್‌ಜಿಎಫ್-೧೦ ಎಂಬ ವಂಶವಾಹಿ ಬೇಕು. ಅದಿಲ್ಲದ ಇಲಿಮರಿಗೆ ಆ ಅಂಕುರವೇ ಇಲ್ಲ. ಸ್ಪ್ರೌಟಿ-೨ ಎಂಬ ಇನ್ನೊಂದು ಅದನ್ನು ಹದದಲ್ಲಿಡುತ್ತದೆ. ಅದಿಲ್ಲವಾದರೆ ಒಂದರ ಸ್ಥಾನದಲ್ಲಿ ಎರಡು ಏಳಬಹುದು. ೨೦೧೧ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಇಲಿಗೆ ಒಂದು, ಮನುಷ್ಯನಿಗೆ ಹತ್ತು ಎಂಬುದು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. ಒತ್ತಾಸೆ ಮತ್ತು ತಡೆಗಳ ಹದದಿಂದ ಸಂಖ್ಯೆ ಬದಲಾಗಬಲ್ಲುದು. ಸಾಕ್ಸ್-೨ ಎಂಬ ಮತ್ತೊಂದರಲ್ಲಂತೂ ಪ್ರಮಾಣವೇ ಪ್ರಧಾನ. ಅದು ಸಾಕಷ್ಟಿದ್ದರೆ ಕೋಶವು ರುಚಿಮೊಗ್ಗಿನ ಕಡೆಗೆ ನಡೆಯುತ್ತದೆ. ತೀರ ಕಡಮೆಯಾದರೆ ಮೊಗ್ಗು ಬಲಿಯುವುದಿಲ್ಲ.

ಇವುಗಳಲ್ಲಿ ಒಂದನ್ನೂ ‘ರುಚಿಯ ವಂಶವಾಹಿ’ ಎನ್ನುವಂತಿಲ್ಲ. ಸಾನಿಕ್ ಹೆಡ್ಜ್‌ಹಾಗ್ ಕೈಬೆರಳುಗಳ ಕ್ರಮವನ್ನೂ ನಿರ್ಧರಿಸುತ್ತದೆ. ಎಫ್‌ಜಿಎಫ್-೧೦ ಇಲ್ಲದ ಇಲಿಮರಿಗೆ ಶ್ವಾಸಕೋಶವಾಗಲಿ ಕಾಲುಗಳಾಗಲಿ ಬೆಳೆಯುವುದಿಲ್ಲ. ‘ಕ’ ಎಂಬ ಅಕ್ಷರ ಕಡಲಿನಲ್ಲಿಯೂ ಇದೆ, ಕಬ್ಬಿನಲ್ಲಿಯೂ ಇದೆ. ಅದರ ಅರ್ಥವೇನೆಂದು ಕೇಳಿದರೆ ಏನು ಹೇಳೋಣ? ಹಾಗೆಂದು ವಂಶವಾಹಿಗೆ ಬಲವಿಲ್ಲವೆಂದಲ್ಲ. ಬೆಕ್ಕಿಗೆ ಸಿಹಿ ತಿಳಿಯದು. ಸಿಹಿಯನ್ನು ಹಿಡಿಯುವ ಗ್ರಾಹಕದ ಅರ್ಧಭಾಗವನ್ನು ರಚಿಸುವ ವಂಶವಾಹಿ ಅದರಲ್ಲಿ ಕೆಟ್ಟುಹೋಗಿದೆಯೆಂದು ೨೦೦೫ರಲ್ಲಿ ತಿಳಿದುಬಂದಿತು. ಎಷ್ಟು ಪಾಯಸ ಬಡಿಸಿದರೂ ಬೆಕ್ಕಿಗೆ ಸಕ್ಕರೆಯ ಪಾಠ ಹತ್ತದು. ಇಂತಹ ಸ್ಪಷ್ಟ ಪ್ರಸಂಗಗಳಿವೆ. ಆದರೆ ಹುಡುಗನ ಲೆಕ್ಕ ಬೆಕ್ಕಿನ ಸಿಹಿಯಂತಹುದೆಂದು ಯಾರು ಪರೀಕ್ಷಿಸಿದರು? ಇಲಿಯ ನಾಲಗೆಯಿಂದ ಮಗುವಿನ ಬುದ್ಧಿಗೆ ಸೇತುವೆ ಕಟ್ಟಲು ನಾನು ಹೊರಟಿಲ್ಲ, ಮಿದುಳು ನಾಲಗೆಯಲ್ಲ. ಕಾಳಿನಷ್ಟೂ ಇಲ್ಲದ ಒಂದು ಮೊಗ್ಗಿಗೇ ಅಪ್ಪಣೆ, ತಡೆ, ಪ್ರಮಾಣ, ಸಮಯ, ನೆರೆಹೊರೆ ಎಲ್ಲವೂ ಕೂಡಿಬರಬೇಕಾಗಿರುವಾಗ, ಹತ್ತು ವರ್ಷದ ಮಗುವಿನ ಮೇಲೆ ಒಂದೇ ಮಾತಿನ ತೀರ್ಪು ಕೊಡುವ ಅಧಿಕಾರವನ್ನು ಯಾವ ಶಾಸ್ತ್ರವೂ ಉಪಾಧ್ಯಾಯನಿಗೆ ಕೊಟ್ಟಿಲ್ಲವೆಂದಷ್ಟೇ ಹೇಳುತ್ತೇನೆ.

ಹುಟ್ಟಿದ ಮೇಲೂ ಮೊಗ್ಗು ಸ್ಥಿರವಾಗಿ ನಿಲ್ಲುವುದಿಲ್ಲ. ಅದರ ಕೋಶಗಳ ಆಯುಸ್ಸು ಸರಾಸರಿ ಹತ್ತು ದಿನ. ಹಳೆಯವು ಸಾಯುತ್ತವೆ, ಹೊಸವು ಬರುತ್ತವೆ. ಹೊಸ ಕೋಶವು ಯಾವ ರುಚಿಗೆ ಮೀಸಲಾಗಬೇಕೆಂಬುದೂ ಆಗಲೇ ತೀರ್ಮಾನವಾಗಬೇಕು. ಎಸ್‌ಕೆಎನ್-೧ಎ ಎಂಬ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಸಿಹಿ, ಕಹಿ ಮತ್ತು ಮಾಂಸರಸದಂತಹ ಉಮಾಮಿ ರುಚಿಯ ಕೋಶಗಳು ಇಲ್ಲವಾಗಿ ಹುಳಿಯ ಕೋಶಗಳು ಹೆಚ್ಚಿದವೆಂದು ೨೦೧೧ರಲ್ಲಿ ಕಂಡುಬಂದಿತು. ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ನಾಲಗೆಯನ್ನು ತಾಲೂಕುಗಳಾಗಿ ಹಂಚಿದ ಹಳೆಯ ನಕ್ಷೆ ಇಲ್ಲಿ ನಿಲ್ಲುವುದಿಲ್ಲ. ೧೯೦೧ರಲ್ಲಿ ಹೇನಿಗ್ ಎಂಬ ಜರ್ಮನ್ ವಿದ್ವಾಂಸ ಅಳೆದದ್ದು ಅಲ್ಪ ವ್ಯತ್ಯಾಸಗಳನ್ನು. ಅವು ಗಡಿರೇಖೆಗಳಾದುದು ಮುಂದಿನವರ ಚಿತ್ರಗಳಲ್ಲಿ. ರುಚಿಮೊಗ್ಗುಗಳಿರುವ ಕಡೆಯಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ.

ಮೊಗ್ಗಿಗೆ ನರದ ಆಸರೆಯೂ ಬೇಕು. ಭ್ರೂಣದಲ್ಲಿ ಅಂಕುರವು ನರ ಬರುವ ಮೊದಲೇ ಮೊಳೆಯುತ್ತದೆ; ಬಿಡಿಎನ್‌ಎಫ್ ಎಂಬ ದ್ರವ್ಯವನ್ನು ಸೂಸಿ ನರವನ್ನು ತನ್ನೆಡೆಗೆ ಕರೆಯುತ್ತದೆ. ಆ ಬಳಿಕ ಮೊಗ್ಗಿನ ಬಾಳು ನರವನ್ನು ಅವಲಂಬಿಸುತ್ತದೆ. ಮೊಲದ ನಾಲಗೆಯ ನರವನ್ನು ಕತ್ತರಿಸಿದಾಗ ಮೊಗ್ಗುಗಳು ಮಾಯವಾಗುವುದನ್ನು ೧೮೭೭ರಷ್ಟು ಹಿಂದೆಯೇ ಗಮನಿಸಿದ್ದರು. ನರ ಮತ್ತೆ ಬೆಳೆದು ಬಂದರೆ ಮೊಗ್ಗೂ ಮರಳುತ್ತದೆ.

ಗರ್ಭದಲ್ಲಿ ತಡೆಯ ಕೆಲಸ ಮಾಡಿದ ಸಾನಿಕ್ ಹೆಡ್ಜ್‌ಹಾಗ್, ಬೆಳೆದ ನಾಲಗೆಯಲ್ಲಿ ಪೋಷಕನ ಕೆಲಸ ಮಾಡುತ್ತದೆ. ಇದು ಸ್ಪಷ್ಟವಾಗಿ ತಿಳಿದದ್ದು ರೋಗಿಗಳಿಂದ. ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಈ ಸಂಕೇತವನ್ನು ತಡೆಯುವ ವಿಸ್ಮೋಡೆಗಿಬ್ ಎಂಬ ಮದ್ದಿಗೆ ೨೦೧೨ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದನ್ನು ಸೇವಿಸಿದವರಲ್ಲಿ ಅನೇಕರು ಬಾಯಿರುಚಿ ಕೆಟ್ಟಿತೆಂದು ಹೇಳಿದರು. ಅದೇ ಬಗೆಯ ಮದ್ದನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ರುಚಿಮೊಗ್ಗುಗಳೇ ಅಳಿದುಹೋಗಿದ್ದವು. ಮದ್ದನ್ನು ನಿಲ್ಲಿಸಿದ ಮೇಲೆ ಅವುಗಳಲ್ಲಿ ಬಹಳಷ್ಟು ಕ್ರಮೇಣ ಮರಳಿ ಮೂಡಿದವು. ನರದ ಎಳೆಗಳು ಅದುವರೆಗೂ ಆ ಬರಿಯ ಅಂಕುರಗಳಲ್ಲಿಯೇ ಕಾದು ನಿಂತಿದ್ದವು.