ಒಂದಾದ ಮೇಲೊಂದೋ, ಒಟ್ಟೊಟ್ಟಿಗೋ?

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ಗೃಹಿಣಿಗೆ ಲಿನಕ್ಸಿನ ಉಸಾಬರಿ ಏಕೆಂದು ಹುಬ್ಬೇರಿಸಬೇಡಿ. ನಮ್ಮ ಸಂಘದ ಹಳೆಯ ಸಂಚಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತುಂಬಿಸಿದ್ದೇವೆ. ಮೂಲ ಪ್ರತಿಗಳೋ, ಮುಟ್ಟಿದರೆ ಪುಡಿಯಾಗುತ್ತವೆ. ಆ ಕಡತಗಳನ್ನು ಕುಗ್ಗಿಸಿ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಒಂದು ಮುಗಿದ ಮೇಲೆ ಇನ್ನೊಂದನ್ನು ಕುಗ್ಗಿಸಬಹುದು. ಪ್ರೊಸೆಸರಿಗೆ ನಾಲ್ಕು ಕೋರ್‌ಗಳಿದ್ದರೆ ನಾಲ್ಕನ್ನು ಒಟ್ಟಿಗೇ ಕುಗ್ಗಿಸಬಹುದು. ಯಾವುದು ಬೇಗ? ಮಗ ಮೊದಲು ಒಂದೊಂದಾಗಿ ಮಾಡಿಸಿದ, ಆಮೇಲೆ ಒಟ್ಟಿಗೆ. "ನೋಡಮ್ಮ, ಎಷ್ಟು ಬೇಗ ಮುಗೀತು!" ಎಂದು ಬೀಗಿದ.

ನನಗೇಕೋ ಅನುಮಾನ. ಮೊದಲ ದೋಸೆಗೆ ಕಾವಲಿ ಕಾಯಬೇಕು. ಎರಡನೆಯದು ಬೇಗ ಎದ್ದರೆ ಅದರಲ್ಲಿ ಹಿಟ್ಟಿನ ಹೆಚ್ಚುಗಾರಿಕೆ ಏನು? ಲಿನಕ್ಸೂ ಹಾಗೆಯೇ. ಒಮ್ಮೆ ಓದಿದ ಕಡತವನ್ನು ಖಾಲಿಯಿರುವ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಎರಡನೆಯ ಸಲ ಡಿಸ್ಕಿನ ತನಕ ಹೋಗುವ ಪ್ರಮೇಯವೇ ಬರುವುದಿಲ್ಲ. ಪ್ರತಿ ಸಲವೂ ಆ ಸಂಗ್ರಹವನ್ನು ಖಾಲಿ ಮಾಡಿಸಿ, ಸರದಿ ಬದಲಿಸಿ, ಹಲವು ಬಾರಿ ಅಳೆದರೆ ಮಾತ್ರ ನ್ಯಾಯ. ಹಾಗೆ ಅಳೆದಾಗಲೂ ಒಟ್ಟಿಗೆ ಮಾಡಿದ್ದೇ ಗೆದ್ದಿತೆನ್ನಿ, ಆದರೆ ಮಗ ಬೀಗಿದಷ್ಟಲ್ಲ.

ಅಳೆಯಲು 'ಟೈಮ್' ಎಂಬ ಆಜ್ಞೆಯಿದೆ. ಅದು ಮೂರು ಲೆಕ್ಕ ಕೊಡುತ್ತದೆ. 'ರಿಯಲ್' ಎಂದರೆ ಗೋಡೆ ಗಡಿಯಾರದ ಸಮಯ. 'ಯೂಸರ್' ಮತ್ತು 'ಸಿಸ್' ಪ್ರೊಸೆಸರ್ ದುಡಿದ ಸಮಯ. ನಾಲ್ಕೂ ಕೋರ್ ದುಡಿದಾಗ ರಿಯಲ್ ಇಳಿಯುತ್ತದೆ, ಉಳಿದೆರಡು ಕಡಿಮೆಯಾಗುವುದಿಲ್ಲ. ದುಡಿಮೆ ಹಂಚಿಹೋಯಿತು, ಅಷ್ಟೇ. (ನಾಲ್ಕು ಒಲೆ ಹಚ್ಚಿದರೆ ಗ್ಯಾಸ್ ಉಳಿಯುತ್ತದೆಯೇ, ನೀವೇ ಹೇಳಿ!)

ನಾಲ್ಕು ಕೋರ್ ಇದ್ದ ಮಾತ್ರಕ್ಕೆ ನಾಲ್ಕು ಪಟ್ಟು ವೇಗವೂ ಬರದು. 1967ರಲ್ಲೇ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು ಇದನ್ನು ಎತ್ತಿ ತೋರಿಸಿದ್ದರು. 100 ನಿಮಿಷದ ಕೆಲಸದಲ್ಲಿ 25 ನಿಮಿಷದ್ದು ಹಂಚಲಾಗದ್ದು ಎನ್ನೋಣ. ಉಳಿದ 75ನ್ನು ನಾಲ್ವರಿಗೆ ಹಂಚಿದರೂ ಒಟ್ಟು ಸುಮಾರು 44 ನಿಮಿಷ ಬೇಕು. ಸಾವಿರ ಕೋರ್ ತಂದರೂ 25ಕ್ಕಿಂತ ಕೆಳಗಿಳಿಯದು. ನಮ್ಮಲ್ಲಿ ತಡೆಯೊಡ್ಡುವುದು ಡಿಸ್ಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ಹೆಡ್ ಗ್ರಾಮಫೋನ್ ಮುಳ್ಳಿನಂತೆ ಸರಿದಾಡಬೇಕು. ನಾಲ್ಕು ಕಡೆಯಿಂದ ಒಟ್ಟಿಗೇ ಕರೆ ಬಂದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ.

ಆದ್ದರಿಂದ ಕುಗ್ಗಿಸುವುದನ್ನು ಒಟ್ಟಿಗೆ, ನಕಲು ಮಾಡುವುದನ್ನು ಒಂದೊಂದಾಗಿ ಮಾಡುತ್ತಿದ್ದೇನೆ. 1990ರ ದಶಕದ ಸಂಚಿಕೆಗಳು ಮುಗಿದಿವೆ. ಅದಕ್ಕೂ ಹಿಂದಿನವು ನಿಮ್ಮ ಅಟ್ಟದ ಮೇಲಿದ್ದರೆ ದಯವಿಟ್ಟು ಕಳುಹಿಸಿಕೊಡಿ.