ಎ ಬಾಟಲಿ, ಬಿ ಬಾಟಲಿ

ಜೂನ್ 3, ಸೋಮವಾರ
ಬೆಳಿಗ್ಗೆಯೆಲ್ಲ ಇಲಿಗಳಿಗೆ ಗುರುತು ಹಚ್ಚಿದ್ದೇ ಆಯಿತು. ಪಿಕ್ರಿಕ್ ಆಸಿಡ್ಡಿನ ಹಳದಿ: ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲಕ್ಕೆ. ನನ್ನ ಬೆರಳೂ ಹಳದಿ. ಹಾಸ್ಟೆಲಿನ ಅಡುಗೆ ಅಕ್ಕ "ಅರಿಶಿನ ಶಾಸ್ತ್ರ ಯಾವಾಗ ಆಯ್ತು?" ಅಂತ ನಕ್ಕರು. ಇವತ್ತಿನಿಂದ ದಿನಾ ಡೋಸು, 28 ದಿನ. ಒಂದು ಬಾಟಲಿಯಲ್ಲಿ ಖಿನ್ನತೆಯ ಔಷಧಿ ಫ್ಲುಯೊಕ್ಸೆಟಿನ್, ಇನ್ನೊಂದರಲ್ಲಿ ಬರೀ ನೀರು. ಯಾವುದು ಯಾವುದು ಅಂತ ಗೈಡಿಗೆ ಮಾತ್ರ ಗೊತ್ತು.

ಜೂನ್ 6, ಗುರುವಾರ
ಬೇರೆ ಬ್ಯಾಚಿಗೆ ಒಂದೇ ಡೋಸು ಕೊಟ್ಟು, ಆತಂಕ ಅಳೆಯುವ ಪ್ಲಸ್ ಮೇಜ್ ಪರೀಕ್ಷೆ ಮಾಡಿದೆ. ನೆಲದಿಂದ 50 ಸೆಂ.ಮೀ. ಎತ್ತರ, ನಾಲ್ಕು ತೋಳು, ಎರಡಕ್ಕೆ ಮಾತ್ರ ಗೋಡೆ. ಐದು ನಿಮಿಷದಲ್ಲಿ ಇಲಿ ಬಯಲು ತೋಳಲ್ಲಿ ಎಷ್ಟು ಹೊತ್ತು ಇತ್ತು, ಅಷ್ಟೇ ಲೆಕ್ಕ. ಒಂದು ಇಲಿ ತುದಿಗೇ ಹೋಗಿ ಕೆಳಗೆ ಇಣುಕಿತು. ಇನ್ನೊಂದು ಗೋಡೆ ಬಿಡಲೇ ಇಲ್ಲ. ಮೈ ಉದ್ದ ಮಾಡಿ ಮೂಗು ಹೊರಗೆ ಚಾಚೋದು, ಸರಕ್ಕನೆ ಒಳಗೆ. ಸಂಜೆ ಕೋಡ್ ಒಡೆದರೆ ಇಣುಕಿದ್ದು ಆತಂಕದ ಔಷಧಿ ಡಯಾಜೆಪಾಮ್ ಪಡೆದದ್ದು, ಅಡಗಿದ್ದು ಫ್ಲುಯೊಕ್ಸೆಟಿನ್ ಪಡೆದದ್ದು. ಎಲ್ಲೋ ಕೆಡಿಸಿದೆ ಅಂದುಕೊಂಡೆ. "ಒಂದೇ ಡೋಸಿಗೆ ಹೆದರಿಕೆ ಹೆಚ್ಚೋದೂ ಉಂಟಮ್ಮ, ಕಂಡಂತೆ ಬರ್ಕೋ," ಅಂದರು ಗೈಡ್.

ರಾತ್ರಿ 1985ರ ಪೆಲೊ ಮತ್ತು ಸಂಗಡಿಗರ ಪೇಪರ್ ಮತ್ತೆ ಓದಿದೆ. ಖಿನ್ನತೆಯ ಔಷಧಿಗಳಿಗೆ ಈ ಪ್ಲಸ್ ಮೇಜ್‌ನಲ್ಲಿ ನಿರ್ದಿಷ್ಟ ಪರಿಣಾಮವಿಲ್ಲ ಅಂತ ಅದರಲ್ಲೇ ಇದೆ. ಆಗ ಅದು ಪರೀಕ್ಷೆಯ ಹೆಚ್ಚುಗಾರಿಕೆ! ಇವತ್ತು ಆತಂಕಕ್ಕೆ ಡಾಕ್ಟರು ಮೊದಲು ಬರೆಯೋದೇ ಈ ಜಾತಿಯ ಮಾತ್ರೆ. ಡಯಾಜೆಪಾಮಿನ ಅಳತೆಗೆ ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸುತ್ತಿದ್ದೇವೆ ಅಂತ ನನಗನ್ನಿಸುತ್ತೆ.

ಜೂನ್ 17
ಬೆನ್ನುಹಳದಿ ಕಚ್ಚಿತು. ತಪ್ಪು ನನ್ನದೇ, ಹಿಡಿತ ಸಡಿಲ. ಅತ್ತಿಗೆ ಫೋನ್ ಮಾಡಿದ್ದರು, ಅವರಿಗೂ ಫ್ಲುಯೊಕ್ಸೆಟಿನ್ ಮಾತ್ರೆಯೇ, ಹತ್ತನೇ ದಿನ: "ಎದೆ ಡವಡವ ಜಾಸ್ತಿನೇ ಆಗಿದೆ ಕಣೇ, ಬಿಟ್ಬಿಡ್ಲಾ?" ಡಾಕ್ಟರನ್ನು ಕೇಳದೆ ಬಿಡಬೇಡಿ ಅಂದೆ. ಪ್ಲಸ್ ಮೇಜ್‌ನಲ್ಲಿ ಗೋಡೆ ಬಿಡದ ಇಲಿ ಕಣ್ಣಮುಂದೆ ಬಂತು, ಅದನ್ನು ಹೇಳಲಿಲ್ಲ.

ಜುಲೈ 1
28 ದಿನದ ಡೋಸು ಮುಗಿಯಿತು. ಇಲಿಗಳಿಗೆ 24 ಗಂಟೆ ಉಪವಾಸ, ನೀರು ಮಾತ್ರ. ಝಗ್ಗೆನ್ನುವ ಬೆಳಕಿನ ಪೆಟ್ಟಿಗೆ, ನಡುವೆ ಬಿಳಿ ಕಾಗದದ ಮೇಲೆ ಒಂದು ಆಹಾರದ ಗುಳಿಗೆ. ಹಸಿವು ಗೆಲ್ಲುತ್ತೋ ಭಯವೋ! ಖಿನ್ನತೆಯ ಔಷಧಿ ದಿನಗಟ್ಟಲೆ ಕೊಟ್ಟರೇ ಇಲ್ಲಿ ಫಲ ಕಾಣೋದು. ಬೆನ್ನುಹಳದಿ ಗೋಡೆಗುಂಟ ಸುತ್ತಿತು, ಹತ್ತಿರ ಬಂತು, ಮೂಸಿತು, ಓಡಿತು. ಮತ್ತೆ ಬಂದು ಎರಡೂ ಕೈಯಲ್ಲಿ ಎತ್ತಿ ಕಡಿಯಿತು. ಸ್ಟಾಪ್‌ವಾಚ್ ಒತ್ತಿದೆ. ಫ್ಲುಯೊಕ್ಸೆಟಿನ್ ಹಸಿವನ್ನೂ ತಗ್ಗಿಸುತ್ತೆ, ಅದಕ್ಕೇ ಪಂಜರಕ್ಕೆ ಬಿಟ್ಟು ಅಲ್ಲೆಷ್ಟು ತಿಂತು ಅಂತ ತೂಗಿದೆ. ಫ್ಲುಯೊಕ್ಸೆಟಿನ್ ಎ-ನೋ ಬಿ-ನೋ, ಕೋಡ್ ಒಡೆಯೋದು ಶುಕ್ರವಾರ.